ಹೊಗೆ ಯಾರ ಲೆಕ್ಕಕ್ಕೆ?

ಕಲಬುರಗಿ ನಗರದಿಂದ ಸೇಡಂ ರಸ್ತೆ ಹಿಡಿದರೆ ಮೊದಲು ಎದುರಾಗುವುದು ಗುಲಬರ್ಗಾ ವಿಶ್ವವಿದ್ಯಾಲಯದ 'ಜ್ಞಾನಗಂಗಾ' ಆವರಣ. 1980ರಲ್ಲಿ ಸ್ಥಾಪನೆಗೊಂಡ ಈ ವಿದ್ಯಾಕೇಂದ್ರವನ್ನು ದಾಟಿ ಮುಂದೆ ಸಾಗಿದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇದು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ 'ಕವಿರಾಜಮಾರ್ಗ' ರೂಪುಗೊಂಡದ್ದು ಈ ದೊರೆಯ ಆಶ್ರಯದಲ್ಲಿ. ಇಂದು ಇಲ್ಲಿ ಹಳೆಯ ಕಲ್ಲಿನ ಕೋಟೆಯೂ ಇದೆ, ಸಿಮೆಂಟ್ ಕಾರ್ಖಾನೆಯ ಎತ್ತರದ ಚಿಮಣಿಗಳೂ ಇವೆ. ಸೇಡಂ, ವಾಡಿಗಳಲ್ಲಿಯೂ ಅಂಥವೇ ಚಿಮಣಿಗಳು. ಒಂದೇ ರಸ್ತೆಯ ಒಂದು ತುದಿಯಲ್ಲಿ ವಿದ್ಯೆ, ಇನ್ನೊಂದು ತುದಿಯಲ್ಲಿ ಹೊಗೆ. ಇವೆರಡಕ್ಕೂ ಏನಾದರೂ ಸಂಬಂಧವುಂಟೇ ಎಂಬುದು ಈ ಲೇಖನದ ಪ್ರಶ್ನೆ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ವಿದ್ಯಾಸಂಸ್ಥೆಗಳಲ್ಲಿ 'ಇಂಗಾಲದ ಹೆಜ್ಜೆಗುರುತು' ಎಂಬ ಮಾತು ಬಳಕೆಗೆ ಬಂದಿದೆ. ವಿಶ್ವವಿದ್ಯಾಲಯಗಳು ತಮ್ಮ ಆವರಣವನ್ನು 'ಹಸಿರು ಆವರಣ'ವೆಂದು ಘೋಷಿಸಿಕೊಳ್ಳಲು ಮುಂದಾಗಿವೆ. ಇದು ಸಂತೋಷದ ಸಂಗತಿಯೇ. ಆದರೆ ಆವರಣದ ಹೊಗೆಯನ್ನು ಕಡಿಮೆ ಮಾಡುವುದೆಂದರೆ ಏನು? ಆವರಣದ ಗೋಡೆಯೊಳಗೆ ಕಾಣುವ ಹೊಗೆ ಕಡಿಮೆಯಾದರೆ ಸಾಕೇ? ನಮಗಾಗಿ ಬೇರೆಲ್ಲೋ ಏಳುವ ಹೊಗೆ ಯಾರ ಲೆಕ್ಕಕ್ಕೆ ಸೇರಬೇಕು? ಮೇಲ್ನೋಟಕ್ಕೆ ಇದು ಇಂಜಿನಿಯರರ ಪ್ರಶ್ನೆಯಂತೆ ಕಂಡರೂ ಆಳದಲ್ಲಿ ನೈತಿಕ ಪ್ರಶ್ನೆ. ನೆರೆಯವನು ಯಾರು ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಹೊಸ ರೂಪದಲ್ಲಿ ಬಂದಿದೆ.

ಮೂರು ಬಗೆಯ ಹೊಗೆ

ಒಂದು ಸಂಸ್ಥೆ ವಾತಾವರಣಕ್ಕೆ ಸೇರಿಸುವ ಇಂಗಾಲದ ಡೈಆಕ್ಸೈಡನ್ನು ಬಲ್ಲವರು ಮೂರು ಭಾಗಗಳಾಗಿ ಎಣಿಸುತ್ತಾರೆ. ಮೊದಲನೆಯದು, ಆವರಣದೊಳಗೇ ಉರಿಸುವ ಇಂಧನ. ವಿದ್ಯಾರ್ಥಿನಿಲಯದ ಅಡುಗೆಮನೆಯ ಗ್ಯಾಸ್, ಜನರೇಟರಿನ ಡೀಸೆಲ್, ಕಾಲೇಜಿನ ಬಸ್ಸುಗಳು ಇದರಲ್ಲಿ ಸೇರುತ್ತವೆ. ಮನೆಯಲ್ಲಿ ಬಳಸುವ 14.2 ಕಿಲೋ ಗ್ಯಾಸ್ ಸಿಲಿಂಡರ್ ಒಂದು ಉರಿದು ಮುಗಿಯುವಾಗ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಲೀಟರ್ ಡೀಸೆಲ್‌ನಿಂದ ಎರಡೂವರೆ ಕಿಲೋಗೂ ಹೆಚ್ಚು.

ಎರಡನೆಯದು, ಕೊಂಡುಕೊಳ್ಳುವ ವಿದ್ಯುತ್ತು. ತರಗತಿಯಲ್ಲಿ ಫ್ಯಾನು ತಿರುಗುವಾಗ ಹೊಗೆ ಕಾಣುವುದಿಲ್ಲ. ಆದರೆ ರಾಯಚೂರಿನ ಶಕ್ತಿನಗರದಂಥ ಉಷ್ಣ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಉರಿಯುತ್ತಿರುತ್ತದೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 700 ಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಇದೆಯೆಂದು ಸ್ಥೂಲವಾಗಿ ಹೇಳಬಹುದು.

ಮೂರನೆಯದೇ ನಮ್ಮ ಪ್ರಶ್ನೆಯ ತಿರುಳು. ಆವರಣಕ್ಕೆ ಬಂದು ಸೇರುವ ಎಲ್ಲ ವಸ್ತುಗಳೂ ಬೇರೆಡೆ ತಯಾರಾಗುವಾಗ ಎದ್ದ ಹೊಗೆ ಅದು. ಕಾಗದ, ಕಂಪ್ಯೂಟರ್, ಅಕ್ಕಿ, ಉಕ್ಕು, ಎಲ್ಲಕ್ಕೂ ಮಿಗಿಲಾಗಿ ಸಿಮೆಂಟು. ಮೊದಲೆರಡನ್ನು ಎಣಿಸುವುದು ಸುಲಭ, ಏಕೆಂದರೆ ಅವುಗಳ ಬಿಲ್ಲು ಪ್ರತಿ ತಿಂಗಳೂ ಬರುತ್ತದೆ. ಮೂರನೆಯದಕ್ಕೆ ಅಂಥ ಬಿಲ್ಲು ಇಲ್ಲ. ಆದ್ದರಿಂದ ಅದು ಎಲ್ಲರ ಕಣ್ಣು ತಪ್ಪಿಸಿಕೊಳ್ಳುತ್ತದೆ. ಬಿಲ್ಲು ಬಾರದ ಸಾಲ ಸಾಲವೇ ಅಲ್ಲವೆಂದು ನಾವು ಭಾವಿಸಬಹುದೇ?

ಒಂದೇ ಕಲ್ಲಿಗೆ ಎರಡು ಹಣೆಬರಹ

ಶಹಾಬಾದಿನ ಕಲ್ಲನ್ನು ನೋಡದವರು ನಮ್ಮಲ್ಲಿ ವಿರಳ. ಸೇಡಂ, ಚಿತ್ತಾಪುರ, ಶಹಾಬಾದ್ ಭಾಗದ ನೆಲದಡಿಯಲ್ಲಿ ಪದರ ಪದರವಾಗಿ ಹರಡಿರುವ ಸುಣ್ಣದ ಕಲ್ಲು ಅದು. ಅದನ್ನು ಪರಸಿಯಾಗಿ ಸೀಳಿ ನೆಲಕ್ಕೆ ಹಾಸುತ್ತಾರೆ, ಗೋಡೆ ಕಟ್ಟುತ್ತಾರೆ, ಕೆಲವೆಡೆ ಮಾಳಿಗೆಗೂ ಹೊದಿಸುತ್ತಾರೆ. ಬೇಸಿಗೆಯಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟುವ ಈ ನಾಡಿನಲ್ಲಿ ದಪ್ಪ ಕಲ್ಲುಗೋಡೆಯ ಮನೆ ಮಧ್ಯಾಹ್ನವೂ ತಂಪಾಗಿರುತ್ತದೆ ಎಂಬುದನ್ನು ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ.

ಇದೇ ಜಾತಿಯ ಕಲ್ಲೇ ಸಿಮೆಂಟಿನ ಮೂಲದ್ರವ್ಯ. ಅದನ್ನು ಪುಡಿಮಾಡಿ, ಜೇಡಿ ಮಣ್ಣಿನಂಥ ಪದಾರ್ಥಗಳೊಡನೆ ಬೆರೆಸಿ, ತಿರುಗುವ ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಆಗ ಎರಡು ಕಡೆಯಿಂದ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಗೂಡನ್ನು ಕಾಯಿಸುವ ಕಲ್ಲಿದ್ದಲಿನಿಂದ ಬರುವುದು ಒಂದು. ಕಲ್ಲಿನ ಒಡಲಿನಿಂದಲೇ ಹೊರಬರುವುದು ಇನ್ನೊಂದು. ಶುದ್ಧ ಸುಣ್ಣದ ಕಲ್ಲನ್ನು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇದು ರಸಾಯನ ಶಾಸ್ತ್ರದ ನಿಯಮ. ಗೂಡನ್ನು ಸೂರ್ಯನ ಶಕ್ತಿಯಿಂದಲೇ ಕಾಯಿಸಿದರೂ ಕಲ್ಲು ತನ್ನೊಳಗಿನ ಈ 44 ಕಿಲೋವನ್ನು ಹೊರಹಾಕಿಯೇ ತೀರುತ್ತದೆ. ಆದ್ದರಿಂದಲೇ ಜಗತ್ತಿನಲ್ಲಿ ಮನುಷ್ಯರು ಹೊರಸೂಸುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯದೇ ಆಗಿದೆ.

ನಮ್ಮ ದೇಶದ ಸಾಮಾನ್ಯ ಸಿಮೆಂಟಿನ 50 ಕಿಲೋ ಚೀಲ ಒಂದಕ್ಕೆ ಸುಮಾರು 30 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಇಟ್ಟುಕೊಳ್ಳೋಣ. ಒಂದು ವಿಭಾಗದ ಕಟ್ಟಡಕ್ಕೆ 2,000 ಚೀಲ ಬೇಕಾಯಿತೆಂದರೆ, ಮೊದಲ ವಿದ್ಯಾರ್ಥಿ ಅದರೊಳಗೆ ಕಾಲಿಡುವ ಮುನ್ನವೇ, ಸಿಮೆಂಟಿನಿಂದ ಮಾತ್ರವೇ 60 ಟನ್ ಹೊಗೆಯ ಸಾಲ ಆ ಕಟ್ಟಡದ ತಲೆಯ ಮೇಲಿರುತ್ತದೆ. ಉಕ್ಕು, ಗಾಜು, ಟೈಲ್ಸ್‌ಗಳದ್ದು ಬೇರೆ.

ಒಂದೇ ಕಲ್ಲು. ಸೀಳಿ ಹಾಸಿದರೆ ಇಂಗಾಲವನ್ನು ತನ್ನೊಳಗೇ ಬಚ್ಚಿಟ್ಟುಕೊಂಡು ನೂರಾರು ವರ್ಷ ಬಾಳುತ್ತದೆ. ಸುಟ್ಟರೆ ತನ್ನ ತೂಕದ ಐದರಲ್ಲಿ ಎರಡು ಪಾಲನ್ನೂ ಮೀರಿ ಗಾಳಿಗೆ ಬಿಟ್ಟುಕೊಡುತ್ತದೆ. ಆಯ್ಕೆ ಕಲ್ಲಿನದಲ್ಲ, ಮನುಷ್ಯನದು.

ಹೊಗೆ ಯಾರದು?

ವಾಡಿಯ ಗೂಡಿನಲ್ಲಿ ಸಿದ್ಧವಾದ ಸಿಮೆಂಟು ರೈಲಿನಲ್ಲಿ ಹೊರಟು ಎಲ್ಲೋ ದೂರದ ನಗರದ ವಿಶ್ವವಿದ್ಯಾಲಯಕ್ಕೆ ಸೇರುತ್ತದೆ ಎಂದುಕೊಳ್ಳಿ. ಅಲ್ಲಿ ಭವ್ಯ ಸಭಾಂಗಣ ಎದ್ದು ನಿಲ್ಲುತ್ತದೆ, ಮೇಲೆ ಸೌರಫಲಕ, ಮುಂದೆ ಹುಲ್ಲುಹಾಸು, 'ಹಸಿರು ಕಟ್ಟಡ'ವೆಂಬ ಪ್ರಶಸ್ತಿ ಪತ್ರ. ಆ ಸಿಮೆಂಟಿನ ಹೊಗೆ ಮಾತ್ರ ವಾಡಿಯ ಲೆಕ್ಕದಲ್ಲಿ ಉಳಿದುಬಿಡುತ್ತದೆ. ಹಸಿರಿನ ಹೆಸರು ಕೊಂಡವರಿಗೆ, ಧೂಳಿನ ಹೆಸರು ನಮ್ಮ ಊರುಗಳಿಗೆ. ಇದು ನ್ಯಾಯವೇ?

ಧರ್ಮಸಭೆಯ ನೀತಿಶಾಸ್ತ್ರದಲ್ಲಿ 'ಪರರ ಕೃತ್ಯದಲ್ಲಿ ಸಹಕಾರ' ಎಂಬ ವಿಚಾರವೊಂದಿದೆ. ಹದಿನೆಂಟನೆಯ ಶತಮಾನದಲ್ಲಿ ಸಂತ ಅಲ್ಫೋನ್ಸ್ ಲಿಗೋರಿಯವರು ಇದನ್ನು ಸ್ಪಷ್ಟಪಡಿಸಿದರು. ಕೆಡುಕನ್ನು ತಾನೂ ಬಯಸಿ ನೆರವಾಗುವುದು ಒಂದು. ಬಯಸದಿದ್ದರೂ ತನ್ನ ಕೆಲಸದಿಂದ ಅದಕ್ಕೆ ನೆರವು ಸಂದುಹೋಗುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ನೆರವು ಎಷ್ಟು ಸಮೀಪದ್ದು, ಎಷ್ಟು ದೂರದ್ದು, ಅದಕ್ಕೆ ತಕ್ಕಷ್ಟು ಗುರುತರವಾದ ಕಾರಣವುಂಟೇ ಎಂಬುದನ್ನು ತೂಗಿ ನೋಡಬೇಕು ಎಂದು ಗುರುಮಠಗಳಲ್ಲಿ ಇಂದಿಗೂ ಬೋಧಿಸಲಾಗುತ್ತದೆ.

ಸಿಮೆಂಟ್ ತಯಾರಿಸುವುದು ಪಾಪವಲ್ಲ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಈ ಭಾಗದ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಅನ್ನ ಬರುವುದು ಇದೇ ಗೂಡುಗಳಿಂದ, ಕಲ್ಲುಗಣಿಗಳಿಂದ, ಲಾರಿಗಳಿಂದ. ಪಾಳಿ ಮುಗಿಸಿ ಬಂದು ಭಾನುವಾರದ ಬಲಿಪೂಜೆಗೆ ನಿಲ್ಲುವ ಕಾರ್ಮಿಕನ ಬೆವರು ಪವಿತ್ರವಾದುದು. ವಿಶ್ವಗುರು ಎರಡನೆಯ ಜಾನ್ ಪಾಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪರಿಪತ್ರವು ದುಡಿಯುವವನ ಘನತೆಯನ್ನು ಎತ್ತಿಹಿಡಿದಿದೆ. ಹಳ್ಳಿಯ ಆಸ್ಪತ್ರೆಗೆ, ಬಡವನ ಸೂರಿಗೆ, ಮಳೆಗಾಲದಲ್ಲಿ ಹಳ್ಳ ದಾಟುವ ಸೇತುವೆಗೆ ಸಿಮೆಂಟು ಬೇಕೇ ಬೇಕು. ತಾಂಡಾದ ತಾಯಿ ತನ್ನ ಸೋರುವ ಗುಡಿಸಲನ್ನು ಪಕ್ಕಾ ಮನೆಯಾಗಿಸಿಕೊಂಡರೆ ಅವಳ ಹತ್ತಿರ ಇಂಗಾಲದ ಲೆಕ್ಕ ಕೇಳುವ ಹಕ್ಕು ನಮಗೆ ಯಾರಿಗೂ ಇಲ್ಲ.

ಹಾಗಾದರೆ ನೀತಿಯ ತೂಕ ಬೀಳುವುದು ಎಲ್ಲಿ? 'ತಕ್ಕ ಕಾರಣ'ದ ಮೇಲೆ. ಹೊಗೆಗೆ ಬೆಲೆಯಿದೆ, ಆ ಬೆಲೆಯನ್ನು ತೆರುವವರು ಇದ್ದಾರೆ. ಬಿಸಿಲು ಏರಿದಾಗ ಕಲ್ಲುಗಣಿಯಲ್ಲಿ ನಿಂತವನು ಅದನ್ನು ಮೈಮೇಲೆ ತೆರುತ್ತಾನೆ. ಮಳೆ ಹೊತ್ತು ತಪ್ಪಿದಾಗ ಕಲಬುರಗಿಯ ತೊಗರಿ ಬೆಳೆಗಾರ ಹೂ ಉದುರಿದ ಹೊಲದಲ್ಲಿ ನಿಂತು ತೆರುತ್ತಾನೆ. ಅಗತ್ಯಕ್ಕಾಗಿ ಎದ್ದ ಹೊಗೆಯನ್ನು ಅವರ ಮುಖ ನೋಡಿ ಸಮರ್ಥಿಸಿಕೊಳ್ಳಬಹುದು. ಆಡಂಬರಕ್ಕಾಗಿ ಎದ್ದದ್ದನ್ನು ಸಮರ್ಥಿಸಿಕೊಳ್ಳಲಾಗದು.

ಸಮುವೇಲನ ಎರಡನೆಯ ಗ್ರಂಥದ 23ನೆಯ ಅಧ್ಯಾಯದಲ್ಲಿ ಒಂದು ಘಟನೆ ಬರುತ್ತದೆ. ದಾವೀದನು ಬೆತ್ಲೆಹೇಮಿನ ಬಾವಿಯ ನೀರಿಗಾಗಿ ಹಂಬಲಿಸುತ್ತಾನೆ. ಮೂವರು ವೀರರು ಪ್ರಾಣವನ್ನು ಪಣವಾಗಿಟ್ಟು ಶತ್ರುಗಳ ಪಾಳೆಯವನ್ನು ಭೇದಿಸಿ ನೀರು ತರುತ್ತಾರೆ. ದಾವೀದನು ಅದನ್ನು ಕುಡಿಯಲೊಲ್ಲದೆ ದೇವರ ಸನ್ನಿಧಿಯಲ್ಲಿ ಸುರಿದುಬಿಡುತ್ತಾನೆ. ಅವನ ಕಣ್ಣಿಗೆ ಆ ಪಾತ್ರೆಯಲ್ಲಿ ನೀರಿನ ಬದಲು ಮನುಷ್ಯರ ರಕ್ತ ಕಂಡಿತು. ನೀರು ಅದೇ ನೀರು. ಅದು ಬಂದ ದಾರಿಯನ್ನು ಅವನು ನೆನೆದನು. ನಾವು ಬಳಸುವ ವಸ್ತು ಬಂದ ದಾರಿಯನ್ನು ನೆನೆಯುವುದೇ ನೈತಿಕ ಜೀವನದ ಮೊದಲ ಮೆಟ್ಟಿಲು.

ವಿಶ್ವವಿದ್ಯಾಲಯವೇ ಮೊದಲೇಕೆ?

"ಮನೆ, ಮಾರುಕಟ್ಟೆ, ಕಚೇರಿಗಳೆಲ್ಲ ಇರುವಾಗ ವಿಶ್ವವಿದ್ಯಾಲಯವನ್ನೇ ಏಕೆ ಹಿಡಿದುಕೊಂಡಿರಿ ಸ್ವಾಮಿ?" ಎಂದು ನೀವು ಕೇಳಬಹುದು. ಹೆಚ್ಚು ಕೊಡಲ್ಪಟ್ಟವನಿಂದ ಹೆಚ್ಚನ್ನು ನಿರೀಕ್ಷಿಸಲಾಗುವುದೆಂದು ಪ್ರಭು ಯೇಸು ಲೂಕನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಎಚ್ಚರಿಸಿದ್ದಾರೆ. ಸುಣ್ಣದ ಕಲ್ಲನ್ನು ಸುಟ್ಟರೆ ಏನಾಗುತ್ತದೆಂಬುದನ್ನು ರಸಾಯನ ಶಾಸ್ತ್ರದ ತರಗತಿಯಲ್ಲಿ ಹೇಳಿಕೊಡುವ ಸಂಸ್ಥೆ ಅದು. ತಿಳಿಯದವನ ಹೊಣೆ ಚಿಕ್ಕದು, ತಿಳಿದವನದು ದೊಡ್ಡದು. ಗಣಿತ ಬಲ್ಲ ಸಂಸ್ಥೆ ತನ್ನ ಲೆಕ್ಕವನ್ನು ತಾನು ಮಾಡಿಕೊಳ್ಳದಿದ್ದರೆ ಅದನ್ನು ಕರ್ತವ್ಯಲೋಪವೆನ್ನದೆ ಬೇರೇನೆನ್ನಬೇಕು?

ವಿದ್ಯಾಲಯದ ಆವರಣವೂ ಒಂದು ಪಾಠವೇ. ನಮ್ಮ ಈ ನೆಲದಲ್ಲೇ ಅದಕ್ಕೆ ಸಾಕ್ಷಿಯಿದೆ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಒಂದು ಘಟಿಕಾಸ್ಥಾನವಿತ್ತು. 1058ರ ಅಲ್ಲಿನ ಶಾಸನವು ಅಧ್ಯಾಪಕರಿಗೆ, ಸುಮಾರು ಇನ್ನೂರೈವತ್ತು ವಿದ್ಯಾರ್ಥಿಗಳಿಗೆ, ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗಳಿಗೆ ಮಾಡಿದ ಏರ್ಪಾಡನ್ನು ತಿಳಿಸುತ್ತದೆ. ಸುಮಾರು ಸಾವಿರ ವರ್ಷಗಳ ಹಿಂದಿನ ಒಂದು ವಸತಿ ವಿಶ್ವವಿದ್ಯಾಲಯವೆಂದೇ ಅದನ್ನು ಕರೆಯಬಹುದು. ಅಲ್ಲಿ ಇಂದಿಗೂ ನಿಂತಿರುವ ಅರವತ್ತು ಕಂಬದ ಗುಡಿಯನ್ನು ಕಲ್ಲನ್ನು ಕಲ್ಲಾಗಿಯೇ ಉಳಿಸಿಕೊಂಡು ಕಟ್ಟಿದ್ದಾರೆ. ಹಿಂದಿನದೆಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಆ ಕಾಲದ ವಿದ್ಯೆಯ ಬಾಗಿಲು ಹೆಣ್ಣುಮಕ್ಕಳಿಗೂ ದುಡಿಯುವ ಜಾತಿಗಳಿಗೂ ಮುಚ್ಚಿತ್ತು. ಇಂದು ಕಲಬುರಗಿಯ ವಿದ್ಯಾರ್ಥಿನಿಲಯಗಳಲ್ಲಿ ಚಿಂಚೋಳಿ ತಾಂಡಾಗಳ ಹೆಣ್ಣುಮಕ್ಕಳು ಓದುತ್ತಿರುವುದು ನಾಗಾವಿಗಿಂತ ದೊಡ್ಡ ಸಾಧನೆ. ಆದರೆ ಕಟ್ಟುವ ವಿವೇಕವನ್ನು ಅವರಿಂದ ಕಲಿಯಲು ಅಡ್ಡಿಯೇನಿದೆ?

ನಮ್ಮ ಕಾಲದಲ್ಲೂ ಮಾದರಿಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯನ್ನು ರೂಪಿಸಿತು. ಸ್ಥಳೀಯ ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ ಯಂತ್ರದಿಂದ ಒತ್ತಿ, ಸುಡದೆಯೇ ಇಟ್ಟಿಗೆ ತಯಾರಿಸುವ ವಿಧಾನವನ್ನು ಬೆಳೆಸಿತು. ಕೇರಳದ ತಿರುವನಂತಪುರದಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರದ ಆವರಣವನ್ನು ಕಟ್ಟಿದವರು ಲಾರಿ ಬೇಕರ್. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಕ್ವೇಕರ್ ಕ್ರೈಸ್ತರು ಭಾರತದಲ್ಲೇ ಬಾಳಿ 2007ರಲ್ಲಿ ತೀರಿಕೊಂಡರು. ಸ್ಥಳೀಯ ಇಟ್ಟಿಗೆಯನ್ನು ಜಾಲರಿಯಾಗಿ ಜೋಡಿಸಿ ಗಾಳಿ ತಾನೇ ಒಳಬರುವಂತೆ ಮಾಡಿದರು. ಇದ್ದ ಮರಗಳ ಸುತ್ತ ಗೋಡೆಯನ್ನೇ ಬಾಗಿಸಿದರು. ಅಲ್ಲಿ ಓದಿದವರು ಅರ್ಥಶಾಸ್ತ್ರದ ಜೊತೆಗೆ ಮಿತವ್ಯಯವನ್ನೂ ಆ ಗೋಡೆಗಳಿಂದ ಕಲಿತಿರಬೇಕು.

ಮಾಡಬಹುದಾದ ಕೆಲಸಗಳು

ಹಾಗಾದರೆ ನಮ್ಮ ವಿದ್ಯಾಲಯಗಳು ಏನು ಮಾಡಬೇಕು? ಮೊದಲ ಕೆಲಸ ಎಣಿಕೆ. ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಪ್ರಭುವಿನ ಸಾಮತಿಯನ್ನು (ಲೂಕ 14) ನಾವೆಲ್ಲ ಬಲ್ಲೆವು. ಹಣದ ಲೆಕ್ಕದ ಪಕ್ಕದಲ್ಲಿ ಹೊಗೆಯ ಲೆಕ್ಕವೂ ಬರೆಯಲ್ಪಡಲಿ. ಮೂರೂ ಬಗೆಯ ಹೊಗೆಯನ್ನು ಎಣಿಸಿ, ವರ್ಷಕ್ಕೊಮ್ಮೆ ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಈ ಎಣಿಕೆಯ ಕೆಲಸವನ್ನು ವಿದ್ಯಾರ್ಥಿಗಳಿಗೇ ವಹಿಸಿದರೆ ಅದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪಾಠ ಇನ್ನೊಂದಿಲ್ಲ.

ಎರಡನೆಯದು, ಕಟ್ಟುವ ಮುನ್ನ ಯೋಚನೆ. ಇರುವ ಕಟ್ಟಡವನ್ನು ದುರಸ್ತಿ ಮಾಡಿ ಬಳಸಿದರೆ ಹೊಸ ಸಿಮೆಂಟಿನ ಹೊಗೆ ಬಹುಮಟ್ಟಿಗೆ ಉಳಿಯುತ್ತದೆ. ವರ್ಷದಲ್ಲಿ ನಾಲ್ಕು ದಿನ ತುಂಬುವ ಸಭಾಂಗಣ ಪ್ರತಿಯೊಂದು ಕಾಲೇಜಿಗೂ ಬೇಕೇ? ಕಟ್ಟಲೇಬೇಕಾದರೆ ಶಹಾಬಾದಿನ ಕಲ್ಲು, ಒತ್ತಿದ ಮಣ್ಣಿನ ಇಟ್ಟಿಗೆ, ಹಾರುಬೂದಿ ಬೆರೆತ ಸಿಮೆಂಟುಗಳನ್ನು ಆರಿಸಿಕೊಳ್ಳಬಹುದು. ಉಷ್ಣ ವಿದ್ಯುತ್ ಕೇಂದ್ರದ ಬೂದಿಯನ್ನು ಶೇಕಡಾ 35ರವರೆಗೆ ಬೆರೆಸಿದ ಸಿಮೆಂಟಿಗೆ ನಮ್ಮ ದೇಶದ ಮಾನಕದಲ್ಲೇ ಅವಕಾಶವಿದೆ. ಬೂದಿ ಬೆರೆತಷ್ಟೂ ಕಲ್ಲು ಸುಡುವ ಪ್ರಮಾಣ ಇಳಿಯುತ್ತದೆ. ಸುಣ್ಣದ ಕಲ್ಲಿನ ಪುಡಿ ಹಾಗೂ ಹದವಾಗಿ ಸುಟ್ಟ ಜೇಡಿ ಮಣ್ಣನ್ನು ಬೆರೆಸುವ ಹೊಸ ಬಗೆಯ ಸಿಮೆಂಟನ್ನು ನಮ್ಮ ಐಐಟಿಗಳ ವಿಜ್ಞಾನಿಗಳು ಸ್ವಿಟ್ಸರ್ಲೆಂಡಿನವರೊಡನೆ ಸೇರಿ ಅಭಿವೃದ್ಧಿಪಡಿಸಿದ್ದಾರೆ. ಅದರಿಂದ ಹೊಗೆ ಶೇಕಡಾ 40ರವರೆಗೆ ಇಳಿಯಬಲ್ಲದು. ಗಮನಿಸಿ, ಇಂಥ ಸಿಮೆಂಟಿಗೂ ಗೂಡು ಬೇಕು, ದುಡಿಯುವ ಕೈ ಬೇಕು. ಕಲ್ಲು ಸೀಳುವುದಕ್ಕೂ ಕೈ ಬೇಕು. ಹೊಗೆ ತಗ್ಗಿದರೆ ಕಾರ್ಮಿಕನ ಅನ್ನ ಹೋಗಲೇಬೇಕೆಂಬ ಮಾತು ಪೂರ್ಣ ಸತ್ಯವಲ್ಲ. ಆದರೆ ಬದಲಾವಣೆಯ ಹೊರೆ ಅವನೊಬ್ಬನ ಹೆಗಲ ಮೇಲೆ ಬೀಳದಂತೆ ಮುಂಚಿತವಾಗಿ ಯೋಚಿಸುವುದು ಸಮಾಜದ ಹೊಣೆ. ಈ ಕುರಿತ ಸಂಶೋಧನೆಗೆ ಕಲಬುರಗಿಯ ಸುತ್ತಲಿನ ವಿದ್ಯಾಲಯಗಳಿಗಿಂತ ತಕ್ಕ ಸ್ಥಳ ಯಾವುದಿದೆ?

ಮೂರನೆಯದು ವಿದ್ಯುತ್ತು. ಒಂದು ಉದಾಹರಣೆ ಕೊಡುತ್ತೇನೆ. ವಿದ್ಯಾರ್ಥಿನಿಲಯವೊಂದರಲ್ಲಿ 75 ವ್ಯಾಟಿನ 200 ಹಳೆಯ ಫ್ಯಾನುಗಳಿವೆ ಎನ್ನೋಣ. ಅವುಗಳ ಬದಲು 30 ವ್ಯಾಟಿನ ಹೊಸ ಬಗೆಯ ಫ್ಯಾನುಗಳನ್ನು ಹಾಕಿ, ದಿನಕ್ಕೆ 12 ತಾಸು, ವರ್ಷಕ್ಕೆ 250 ದಿನ ನಡೆಸಿದರೆ 27,000 ಯೂನಿಟ್ ಉಳಿಯುತ್ತದೆ. ಅಂದರೆ ಸುಮಾರು 19 ಟನ್ ಹೊಗೆ ತಪ್ಪುತ್ತದೆ. ಇದು ಆರುನೂರಕ್ಕೂ ಹೆಚ್ಚು ಚೀಲ ಸಿಮೆಂಟಿನ ಹೊಗೆಗೆ ಸಮ. ಮಕ್ಕಳಿಗೆ ಗಾಳಿ ಒಂದಿಷ್ಟೂ ಕಡಿಮೆಯಾಗಲಿಲ್ಲ. ನಮ್ಮ ಈ ಬಿಸಿಲಿನ ನಾಡಿನಲ್ಲಿ ಒಂದು ಕಿಲೋವ್ಯಾಟ್ ಸೌರಫಲಕ ದಿನಕ್ಕೆ ನಾಲ್ಕು ಯೂನಿಟಿನಷ್ಟು ಕೊಡುತ್ತದೆ, ವರ್ಷಕ್ಕೆ ಸುಮಾರು ಒಂದು ಟನ್ ಹೊಗೆಯನ್ನು ತಪ್ಪಿಸುತ್ತದೆ. ವ್ಯಾಟಿಕನ್ನಿನಲ್ಲಿ 2008ರಲ್ಲೇ ಆರನೆಯ ಪೌಲರ ಸಭಾಂಗಣದ ಮಾಡಿನ ಮೇಲೆ ಸೌರಫಲಕಗಳನ್ನು ಅಳವಡಿಸಲಾಯಿತು. ಬಿಸಿಲನ್ನು ಹರಸಿ ಪಡೆದಂತಿರುವ ನಮ್ಮ ಜಿಲ್ಲೆಯಲ್ಲಿ ಮಾಡುಗಳು ಖಾಲಿಯಿರುವುದು ಸರಿಯೇ?

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಅಡುಗೆಮನೆಯ ಉಳಿಕೆಯಿಂದ ಗೋಬರ್ ಗ್ಯಾಸ್ ಮಾದರಿಯ ಅನಿಲ ತಯಾರಿಸಬಹುದು. ಅನ್ನ ಚೆಲ್ಲುವುದನ್ನು ತಡೆಯಬಹುದು. ಸುತ್ತಲ ಹೊಲಗಳ ಜೋಳದ ರೊಟ್ಟಿ, ತೊಗರಿ ಬೇಳೆಗೆ ಊಟದಲ್ಲಿ ಹೆಚ್ಚು ಪಾಲು ಕೊಡಬಹುದು. ನೀರು ನಿಂತ ಭತ್ತದ ಗದ್ದೆಯಿಂದ ಏಳುವ ಮೀಥೇನ್ ಅನಿಲ ಜೋಳದ ಹೊಲದಲ್ಲಿಲ್ಲ. ವಿದ್ಯಾರ್ಥಿಗಳಿಗೆ ಬಸ್ಸಿನ ಸೌಕರ್ಯ ಹೆಚ್ಚಿಸಿ ಬೈಕುಗಳ ಸಂಖ್ಯೆ ಇಳಿಸಬಹುದು.

ಇಲ್ಲಿ ಒಂದು ಎಚ್ಚರ ಅಗತ್ಯ. ಮಿತವ್ಯಯದ ಕತ್ತರಿ ಮೊದಲು ಬಡ ವಿದ್ಯಾರ್ಥಿಯ ಫ್ಯಾನಿನ ಮೇಲೆ ಬೀಳಬಾರದು. ಅದು ಬೀಳಬೇಕಾದದ್ದು ಖಾಲಿ ಕೊಠಡಿಯಲ್ಲಿ ಓಡುವ ಎ.ಸಿ.ಯ ಮೇಲೆ, ಒಬ್ಬರೇ ಕೂತು ಬರುವ ಕಾರಿನ ಮೇಲೆ. ಮೇಲಿನವರಿಂದ ಆರಂಭವಾಗದ ತ್ಯಾಗ ಕೆಳಗಿನವರಿಗೆ ಶಿಕ್ಷೆಯಾಗುತ್ತದೆ.

ಗಿಡ ನೆಟ್ಟರೆ ತೀರಿತೇ?

ಅನೇಕ ಸಂಸ್ಥೆಗಳು ಇನ್ನೊಂದು ಸುಲಭ ದಾರಿಯನ್ನು ಹಿಡಿಯುತ್ತವೆ. ಹೊಗೆಯನ್ನು ಹಾಗೆಯೇ ಬಿಟ್ಟು, ಜೂನ್ 5ರಂದು ಗಿಡ ನೆಟ್ಟು, ಫೋಟೋ ತೆಗೆಸಿಕೊಂಡು ಲೆಕ್ಕ ಸರಿಹೋಯಿತೆನ್ನುವುದು. ಅಥವಾ ಬೇರೆಲ್ಲೋ ಹೊಗೆ ಉಳಿಸಿದವರಿಗೆ ಹಣ ಕೊಟ್ಟು ಆ ಪುಣ್ಯವನ್ನು ತಮ್ಮ ಖಾತೆಗೆ ಬರೆಸಿಕೊಳ್ಳುವುದು. ಗಿಡ ನೆಡುವುದು ಒಳ್ಳೆಯದೇ, ನೆರಳಿಗಾಗಿ, ಹಕ್ಕಿಗಳಿಗಾಗಿ, ಅಂತರ್ಜಲಕ್ಕಾಗಿ ನೆಡಲೇಬೇಕು. ಆದರೆ ಚೆನ್ನಾಗಿ ಬೆಳೆದ ಮರವೊಂದು ವರ್ಷಕ್ಕೆ ಹೀರುವುದು ಸ್ಥೂಲವಾಗಿ ಇಪ್ಪತ್ತು ಕಿಲೋ ಇಂಗಾಲದ ಡೈಆಕ್ಸೈಡ್. ನಾವು ಮೇಲೆ ಕಂಡ 2,000 ಚೀಲದ ಕಟ್ಟಡದ ಲೆಕ್ಕ ತೀರಬೇಕಾದರೆ ಬೆಳೆದ 3,000 ಮರಗಳು ಒಂದಿಡೀ ವರ್ಷ ದುಡಿಯಬೇಕು. ನೆಟ್ಟ ಸಸಿ ನಮ್ಮ ಒಣನೆಲದಲ್ಲಿ ಮರವಾಗಲು ಎಷ್ಟು ಬೇಸಿಗೆಗಳನ್ನು ದಾಟಬೇಕೋ ನೀವೇ ಯೋಚಿಸಿ.

ಧರ್ಮಸಭೆಗೆ ಈ ವಿಷಯದಲ್ಲಿ ತನ್ನದೇ ಇತಿಹಾಸದ ಕಹಿ ಪಾಠವಿದೆ. ಹದಿನಾರನೆಯ ಶತಮಾನದಲ್ಲಿ ಪಾಪದ ದಂಡವಿಮೋಚನೆಯನ್ನು ಹಣಕ್ಕೆ ಮಾರುವ ದುರಾಚಾರ ಬೆಳೆದು ಜನರ ಮನಸ್ಸು ಒಡೆಯಿತು. ಟ್ರೆಂಟ್ ಮಹಾಸಭೆ ಆ ದುರುಪಯೋಗವನ್ನು ಖಂಡಿಸಿತು. ಮನಪರಿವರ್ತನೆಯಿಲ್ಲದ ಪರಿಹಾರ ಪರಿಹಾರವಲ್ಲವೆಂದು ಕಷ್ಟಪಟ್ಟು ಕಲಿತ ನಾವು, ಅದೇ ವ್ಯಾಪಾರ ಹೊಸ ಹೆಸರಿನಲ್ಲಿ ಬಂದಾಗ ಗುರುತಿಸದೆ ಇರಲಾದೀತೇ?

ಜಕ್ಕಾಯನ ದಾರಿ ಬೇರೆ (ಲೂಕ 19). ಅವನು ಲೆಕ್ಕ ಬಲ್ಲವನು, ಸುಂಕದವನು. ಪ್ರಭುವನ್ನು ಮನೆಗೆ ಬರಮಾಡಿಕೊಂಡ ದಿನ ಅರ್ಧ ಆಸ್ತಿಯನ್ನು ಬಡವರಿಗೆ ಹಂಚಲು ಮುಂದಾದನು. ಅಷ್ಟಕ್ಕೇ ನಿಲ್ಲದೆ, ತಾನು ಯಾರಿಗೆ ಮೋಸಮಾಡಿದ್ದನೋ ಅವರಿಗೇ ನಾಲ್ಕರಷ್ಟು ಹಿಂದಿರುಗಿಸಲು ಒಪ್ಪಿದನು. ದಾನ ಒಂದು ಕಡೆ, ಪ್ರತ್ಯರ್ಪಣೆ ಇನ್ನೊಂದು ಕಡೆ. ಒಂದನ್ನು ತೋರಿಸಿ ಇನ್ನೊಂದರಿಂದ ಅವನು ತಪ್ಪಿಸಿಕೊಳ್ಳಲಿಲ್ಲ. ಈ ಮಾತನ್ನು ನಮ್ಮ ವಿಷಯಕ್ಕೆ ಅನ್ವಯಿಸಿದರೆ, ದೂರದ ಕಾಡಿಗೆ ಹಣ ಕಳುಹಿಸುವ ಮುನ್ನ ವಿದ್ಯಾಲಯವು ಮಳಖೇಡ, ವಾಡಿ, ಶಹಾಬಾದಿನ ಕಡೆಗೆ ನೋಡಬೇಕು. ಕಲ್ಲು ತೆಗೆದು ಬರಿದಾದ ಗಣಿಗುಂಡಿಯನ್ನು ಕೆರೆಯಾಗಿಸುವ ಬಗೆ, ಧೂಳಿನಲ್ಲಿ ದುಡಿಯುವವರ ಶ್ವಾಸಕೋಶದ ತಪಾಸಣೆ, ಅವರ ಮಕ್ಕಳಿಗೆ ಪ್ರವೇಶ ಮತ್ತು ವಿದ್ಯಾರ್ಥಿವೇತನ, ಇವೆಲ್ಲ ಹೊಗೆಯ ಸಾಲವನ್ನು ಸರಿಯಾದ ವಿಳಾಸಕ್ಕೆ ಹಿಂದಿರುಗಿಸುವ ದಾರಿಗಳು.

ಒಬ್ಬರಿಂದ ಏನಾದೀತು?

"ಒಂದು ಆವರಣ ಸುಧಾರಿಸಿದ ಮಾತ್ರಕ್ಕೆ ಭೂಮಿ ತಂಪಾದೀತೇ?" ಎಂಬ ಆಕ್ಷೇಪ ಉಳಿಯುತ್ತದೆ. ಅಮೆರಿಕದ ಒಬ್ಬ ಪ್ರಜೆಯ ಸರಾಸರಿ ಹೊಗೆ ಭಾರತೀಯನದಕ್ಕಿಂತ ಹಲವು ಪಟ್ಟು ಹೆಚ್ಚು. ಹೀಗಿರುವಾಗ ನಾವೇಕೆ ಎಂಬ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಶ್ರೀಮಂತ ದೇಶಗಳ ಹೊಣೆ ದೊಡ್ಡದು. ವಿಶ್ವಗುರು ಫ್ರಾನ್ಸಿಸರು 2015ರ 'ಲೌದಾತೋ ಸಿ' ವಿಶ್ವಪರಿಪತ್ರದಲ್ಲೂ 2023ರ 'ಲೌದಾತೆ ದೇಉಮ್' ಪತ್ರದಲ್ಲೂ ಇದನ್ನು ನಿಷ್ಠುರವಾಗಿ ಹೇಳಿದ್ದಾರೆ. ಆದರೆ ಇನ್ನೊಬ್ಬನ ಸಾಲ ದೊಡ್ಡದೆಂಬುದು ನನ್ನ ಸಾಲವನ್ನು ರದ್ದುಪಡಿಸುವುದಿಲ್ಲ. ನಮ್ಮ ದೇಶದೊಳಗೂ ಆಡಂಬರದ ಅಮೆರಿಕಗಳಿವೆ, ಅಭಾವದ ತಾಂಡಾಗಳಿವೆ.

ಇನ್ನೊಂದು ಉತ್ತರವೂ ಉಂಟು. ವಿವೇಕವು ಉಳಿದ ಸದ್ಗುಣಗಳಿಗೆ ದಾರಿ ತೋರುವ ಸಾರಥಿಯೆಂಬುದು ಅಕ್ವಿನೋದ ಸಂತ ತೋಮಸರ ಪರಂಪರೆಯಿಂದ ನಮಗೆ ಬಂದ ತಿಳಿವಳಿಕೆ. ಅದು ಪುಸ್ತಕದಿಂದಲ್ಲ, ಅಭ್ಯಾಸದಿಂದ ಬರುತ್ತದೆ. ಲೆಕ್ಕವಿಟ್ಟು ಕಟ್ಟುವ ಆವರಣದಲ್ಲಿ ನಾಲ್ಕು ವರ್ಷ ಕಳೆದ ಯುವಕ ನಾಳೆ ಇಂಜಿನಿಯರನಾಗಿ ನೂರು ಕಟ್ಟಡಗಳ ನಕ್ಷೆಗೆ ಸಹಿ ಹಾಕುತ್ತಾನೆ. ಯುವತಿ ಅಧಿಕಾರಿಯಾಗಿ ಒಂದು ತಾಲೂಕಿನ ಶಾಲೆಗಳನ್ನು ಕಟ್ಟಿಸುತ್ತಾಳೆ. ಆವರಣ ಉಳಿಸಿದ ಹೊಗೆ ಚಿಕ್ಕದು. ಅಲ್ಲಿ ಬೆಳೆದ ವಿವೇಕ ಉಳಿಸುವ ಹೊಗೆಗೆ ಮಿತಿಯಿಲ್ಲ.

ನಮ್ಮ ಮನೆಬಾಗಿಲಿಗೆ

ಪ್ರಿಯ ವಾಚಕರೇ, ವಿಶ್ವವಿದ್ಯಾಲಯವನ್ನು ಕುರಿತ ಮಾತು ನಿಮಗೆ ದೂರದ್ದೆನಿಸಬಾರದು. ನಿಮ್ಮ ಮಗನೋ ಮಗಳೋ ಅಲ್ಲಿ ಓದುತ್ತಿರಬಹುದು. ಮುಂದಿನ ಪೋಷಕರ ಸಭೆಯಲ್ಲಿ ಫಲಿತಾಂಶ, ಉದ್ಯೋಗಗಳ ಜೊತೆಗೆ "ಈ ಆವರಣದ ಹೊಗೆಯ ಲೆಕ್ಕ ಎಲ್ಲಿದೆ?" ಎಂದೂ ವಿನಯದಿಂದ ಕೇಳಿ. ನಮ್ಮ ಧರ್ಮಪ್ರಾಂತ್ಯಗಳ ಶಾಲಾಕಾಲೇಜುಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. 'ಲೌದಾತೋ ಸಿ'ಯ ಆಶಯವನ್ನು ಕಾರ್ಯರೂಪಕ್ಕೆ ತರಲು 2021ರಲ್ಲಿ ಆರಂಭವಾದ ಏಳು ವರ್ಷಗಳ ಯೋಜನೆಯಲ್ಲಿ ವಿದ್ಯಾಸಂಸ್ಥೆಗಳ ಜೊತೆಗೆ ಕುಟುಂಬಗಳನ್ನೂ ಧರ್ಮಕೇಂದ್ರಗಳನ್ನೂ ಸೇರಿಸಿರುವುದು ಇದೇ ಕಾರಣಕ್ಕೆ. 2025ರಲ್ಲಿ ಸೃಷ್ಟಿಯ ಪಾಲನೆಗಾಗಿಯೇ ಬಲಿಪೂಜೆಯ ಹೊಸ ಪ್ರಾರ್ಥನಾಕ್ರಮ ಪ್ರಕಟವಾಯಿತು. ವಿಶ್ವಗುರು ಹದಿನಾಲ್ಕನೆಯ ಲಿಯೋರವರು ಆ ಕ್ರಮದಲ್ಲಿ ತಾವೇ ಬಲಿಪೂಜೆ ಅರ್ಪಿಸಿದರು. ಪೀಠದ ಮೇಲೆ ಬೇಡಿಕೊಂಡದ್ದು ಕಟ್ಟಡ ಸಮಿತಿಯ ಸಭೆಯಲ್ಲಿ ಮರೆತುಹೋಗಬಾರದಷ್ಟೆ.

ಹಳೆಯ ದೇವಾಲಯದ ಶಹಾಬಾದಿ ಪರಸಿಯನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸೋಣವೆಂಬ ಪ್ರಸ್ತಾಪ ಬಂದಾಗ, ಆ ಕಲ್ಲಿನ ಮೇಲೆ ಮೊಣಕಾಲೂರಿದ ತಾತ ಮುತ್ತಾತರನ್ನು ನೆನೆಯಿರಿ. ಅದು ಇನ್ನೂ ನೂರು ವರ್ಷ ಬಾಳಬಲ್ಲದು. ಮನೆ ಕಟ್ಟಿಸುವಾಗ ಒಂದು ಕೋಣೆ ನಿಜವಾಗಿ ಬೇಕೋ, ನೆಂಟರ ಕಣ್ಣಿಗಾಗಿ ಬೇಕೋ ಎಂದು ಗಂಡಹೆಂಡಿರು ಕುಳಿತು ಮಾತಾಡಿಕೊಳ್ಳಿ. ಸಿಮೆಂಟಿನ ಗೂಡಿನಲ್ಲಿ ದುಡಿಯುವ ನಮ್ಮ ಸಹೋದರರನ್ನು ಪ್ರಾರ್ಥನೆಯಲ್ಲಿ ನೆನೆಯಿರಿ; ಅವರು ಬೆವರು ಸುರಿಸಿ ಮಾಡಿದ್ದನ್ನು ಪೋಲು ಮಾಡದಿರುವುದೂ ಅವರಿಗೆ ಸಲ್ಲಿಸುವ ಗೌರವವೇ.

ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ. ದುಡಿಮೆ ಮತ್ತು ಕಾವಲು, ಎರಡನ್ನೂ ಒಟ್ಟಿಗೇ ವಹಿಸಲಾಯಿತು. ಕಲ್ಲು ಒಡೆಯುವ ಕೈಗೂ ಲೆಕ್ಕ ಬರೆಯುವ ಕೈಗೂ ಆ ಎರಡು ಹೊಣೆಗಳನ್ನು ಒಟ್ಟಿಗೆ ಹೊರುವ ಶಕ್ತಿಯನ್ನು ಸೃಷ್ಟಿಕರ್ತನು ಅನುಗ್ರಹಿಸಲಿ.